ಪರಿಸರ ವಿಜ್ಞಾನ ಓದಿ ಏನು ಮಾಡುವುದು?

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಮೂರು ನಾಲ್ಕು ವಾರ ನಮ್ಮಂಥ ಮೇಷ್ಟ್ರ ಮನೆಗಳಲ್ಲಿ ಕಾಫಿಪುಡಿ ಬೇಗ ಮುಗಿಯುತ್ತದೆ. ಅಂಕಪಟ್ಟಿ ಹಿಡಿದ ಮಕ್ಕಳು ಮುಂದೆ, ಅಪ್ಪ ಅಮ್ಮಂದಿರು ಹಿಂದೆ. ಕೇಳುವ ಪ್ರಶ್ನೆ ಮಾತ್ರ ಒಂದೇ: 'ಮುಂದೇನು?'

ಈ ಸಲ ಕೋಲಾರದ ಕಡೆಯ ರೈತರೊಬ್ಬರು ಮಗಳೊಂದಿಗೆ ಬಂದಿದ್ದರು. ಹುಡುಗಿ ವಿಜ್ಞಾನ ವಿಭಾಗದಲ್ಲಿ ಪ್ರಥಮ ದರ್ಜೆ. ತಂದೆಗೆ ಸಮಾಧಾನವಿಲ್ಲ. 'ಬಿ.ಎಸ್ಸಿ.ಗೆ ಪರಿಸರ ವಿಜ್ಞಾನ ತಗೋತೀನಿ ಅಂತ ಹಟ ಹಿಡಿದವ್ಳೆ ಸಾರ್. ಗಿಡ ನೆಡೋಕೆ ಮೂರು ವರ್ಷ ಕಾಲೇಜು ಯಾಕೆ? ನಮ್ಮ ತಾತ ಒಂದಕ್ಷರ ಓದದೇ ನೆಟ್ಟ ಹುಣಸೆ ಮರ ಇವತ್ತಿಗೂ ಕಾಯಿ ಬಿಡ್ತೈತೆ' ಎಂದರು. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಕಾಫಿ ಕುಡಿಯುತ್ತಾ ಮಾತು ಮಳೆ, ಕೆರೆಗಳ ಕಡೆ ತಿರುಗಿತು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿರುವುದು ನಿಮಗೆ ಗೊತ್ತು. ಅಂತರ್ಜಲ ಹೆಚ್ಚಿಸುವುದು ಈ ಯೋಜನೆಯ ಉದ್ದೇಶ. 'ಕೆರೆ ತುಂಬ್ತು ಸಾರ್, ಬೋರ್‌ವೆಲ್‌ನಲ್ಲೂ ನೀರು ಮೇಲಕ್ಕೆ ಬಂತು. ಆದ್ರೆ ಅದನ್ನ ಕುಡೀಬೌದಾ? ಒಬ್ಬರು ಏನೂ ಆಗಲ್ಲ ಅಂತಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಅಂತಾರೆ. ಯಾರನ್ನ ನಂಬೋದು?' ಎಂದು ಅವರು ಕೇಳಿದರು.

'ನಿಮ್ಮ ಮಗಳು ಓದಬೇಕೆಂದಿರುವುದು ಇದೇ ಪ್ರಶ್ನೆಯನ್ನು' ಎಂದೆ. ಅವರು ನನ್ನ ಮುಖ ನೋಡಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಒಂದು ಬೋರ್‌ವೆಲ್ ನೀರು ಕುಡಿಯಲು ಯೋಗ್ಯವೇ ಎಂದು ಹೇಳಲು ಏನೇನು ಬೇಕು? ಮೊದಲು ಫ್ಲೋರೈಡ್ ನೋಡಬೇಕು. ಅದು ಕೊಳಚೆಯಿಂದ ಬರುವುದಲ್ಲ, ನೆಲದಡಿಯ ಬಂಡೆಯಿಂದ ನೀರಿಗೆ ಕರಗಿ ಬರುವುದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಸೇವಿಸಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ಪ್ರಮಾಣ ಇನ್ನೂ ಏರಿದರೆ ಮೂಳೆಗೂ ತೊಂದರೆ. ಇಲ್ಲಿ ಭೂವಿಜ್ಞಾನ ಬೇಕಾಯಿತು. ಎರಡನೆಯದು ನೈಟ್ರೇಟ್. ಇದು ಹೊಲದ ಗೊಬ್ಬರದಿಂದಲೂ ಶೌಚಗುಂಡಿಯಿಂದಲೂ ಕೊಳಚೆಯಿಂದಲೂ ಇಳಿದು ಬರಬಹುದು. ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದರೆ ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಇಲ್ಲಿ ರಸಾಯನ ವಿಜ್ಞಾನವೂ ಜೀವ ವಿಜ್ಞಾನವೂ ಬೇಕಾಯಿತು. ಇವುಗಳ ಜೊತೆಗೆ ಲೋಹಗಳು, ಬ್ಯಾಕ್ಟೀರಿಯಾಗಳ ಪರೀಕ್ಷೆ.

ಇನ್ನು ಕೆರೆಯ ನೀರು. ಅದರಲ್ಲಿ ಕರಗಿರುವ ಆಮ್ಲಜನಕ ಎಷ್ಟು ಎಂಬುದು ಮುಖ್ಯ. ಕೊಳೆ ಹೆಚ್ಚಾದಷ್ಟೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚು ಆಮ್ಲಜನಕ ಬಳಸುತ್ತವೆ; ಮೀನಿಗೆ ಉಳಿಯುವುದು ಕಡಿಮೆ. ಬೇಸಿಗೆಯಲ್ಲಿ ಬಿಸಿಯಾದ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ನೀರಿನ ಕೊಳೆ ಎಷ್ಟು ಆಮ್ಲಜನಕ ನುಂಗುತ್ತದೆ ಎಂಬುದನ್ನು ಅಳೆಯಲು ಒಂದು ಪರೀಕ್ಷೆಯಿದೆ, ಅದೇ ಬಿ.ಓ.ಡಿ. ತಂಪು ದೇಶಗಳಲ್ಲಿ ಮಾದರಿ ನೀರನ್ನು 20 ಡಿಗ್ರಿಯಲ್ಲಿ 5 ದಿನ ಇಟ್ಟು ನೋಡುವ ರೂಢಿ. ನಮ್ಮ ಹವೆಗೆ ತಕ್ಕಂತೆ ಇಲ್ಲಿ 27 ಡಿಗ್ರಿಯಲ್ಲಿ 3 ದಿನ.

ಒಂದೇ ಬಾಟಲಿ ನೀರು ಪರೀಕ್ಷಿಸಿ ತೀರ್ಪು ಕೊಡುವಂತಿಲ್ಲ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಕೆರೆಗೆ ಹತ್ತಿರದ ಬಾವಿಯಿಂದ, ದೂರದ ಬಾವಿಯಿಂದ ಮಾದರಿ ತೆಗೆದು ಹೋಲಿಸಬೇಕು. ಅದಕ್ಕೆ ಸಂಖ್ಯಾಶಾಸ್ತ್ರ ಬೇಕು. ಕೊನೆಗೆ ಫಲಿತಾಂಶವನ್ನು ಊರಿನ ಜನರಿಗೆ ತಿಳಿಯುವಂತೆ ಹೇಳಬೇಕು. ಗಿಡ ನೆಡುವುದು ಪುಣ್ಯದ ಕೆಲಸ. ಆದರೆ ಪರಿಸರ ವಿಜ್ಞಾನ ಎಂದರೆ ಮುಖ್ಯವಾಗಿ ಅಳೆಯುವ ವಿದ್ಯೆ. ಮಗಳಿಗೆ ಲೆಕ್ಕ, ರಸಾಯನ ಎಂದರೆ ಬೇಸರ, ಕಾಡು-ಹಕ್ಕಿ ಎಂದರೆ ಪ್ರೀತಿ ಎಂಬಷ್ಟಕ್ಕೇ ಈ ವಿಷಯ ಕೊಡಿಸಿದರೆ ಮೊದಲ ಸೆಮಿಸ್ಟರ್‌ನಲ್ಲೇ ಕಣ್ಣೀರು ಹಾಕುತ್ತಾಳೆ.

ಇಲ್ಲೊಂದು ಗೊಂದಲ ನಿವಾರಿಸಬೇಕು. 'ಪರಿಸರ ಅಧ್ಯಯನ ಎಲ್ಲರಿಗೂ ಇರುತ್ತದಲ್ಲ, ಪರೀಕ್ಷೆಯ ಹಿಂದಿನ ದಿನ ಓದಿದರೆ ಪಾಸಾಗುತ್ತದೆ' ಎಂದು ಸೀನಿಯರ್ ವಿದ್ಯಾರ್ಥಿಗಳು ಹೇಳುವುದುಂಟು. ಅದು ಬೇರೆ, ಇದು ಬೇರೆ. ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1991ರ ನವೆಂಬರ್‌ನಲ್ಲಿ ನೀಡಿದ ಆದೇಶ, ಮತ್ತೆ 2003ರ ಡಿಸೆಂಬರ್‌ನಲ್ಲಿ ನೀಡಿದ ಸೂಚನೆಗಳ ಫಲವಾಗಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಬಂದ ಕಡ್ಡಾಯ ಪತ್ರಿಕೆ ಅದು. ನಾನು ಹೇಳುತ್ತಿರುವುದು ಪ್ರಯೋಗಾಲಯ, ಕ್ಷೇತ್ರಕಾರ್ಯಗಳೊಂದಿಗೆ ಮುಖ್ಯ ವಿಷಯವಾಗಿ ಓದುವ ಪರಿಸರ ವಿಜ್ಞಾನದ ಬಗ್ಗೆ.

'ಎಲ್ಲ ಸರಿ ಸಾರ್, ಕೆಲಸ?' ಎಂದರು ತಂದೆ. ನ್ಯಾಯವಾದ ಪ್ರಶ್ನೆ. ಹೊಲದ ಆದಾಯದಲ್ಲಿ ಮಗಳನ್ನು ಓದಿಸುವವರಿಗೆ ಸಿಹಿ ಮಾತು ಹೇಳಿ ಕಳಿಸುವುದು ತಪ್ಪು.

ಬರೀ ಬಿ.ಎಸ್ಸಿ. ಮುಗಿಸಿದರೆ ನೀರು-ಗಾಳಿ ಪರೀಕ್ಷಿಸುವ ಖಾಸಗಿ ಪ್ರಯೋಗಾಲಯಗಳಲ್ಲಿ, ಕಾರ್ಖಾನೆ ಮತ್ತು ದೊಡ್ಡ ವಸತಿ ಸಮುಚ್ಚಯಗಳ ಕೊಳಚೆ ಸಂಸ್ಕರಣಾ ಘಟಕಗಳಲ್ಲಿ ಆರಂಭದ ಕೆಲಸಗಳು ಸಿಗಬಹುದು. ಸಂಬಳ ಮೊದಲಿಗೆ ಸಾಧಾರಣ. ಗಟ್ಟಿ ನೆಲೆ ಬೇಕೆಂದರೆ ಎಂ.ಎಸ್ಸಿ. ಮಾಡಬೇಕು. ಬೆಂಗಳೂರು, ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ವಿಭಾಗಗಳಿವೆ. ಗಣಿ, ಅಣೆಕಟ್ಟು, ಹೆದ್ದಾರಿ, ದೊಡ್ಡ ಕಟ್ಟಡಗಳಂಥ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಅದಕ್ಕಾಗಿ ಅಧ್ಯಯನ ನಡೆಸುವ ಸಲಹಾ ಸಂಸ್ಥೆಗಳಿಗೆ ನೀರು, ಗಾಳಿ, ಮಣ್ಣು, ಜೀವಿಗಳನ್ನು ಬಲ್ಲವರು ಬೇಕು. ಪಾಠ ಹೇಳುವ ಆಸೆಯಿದ್ದರೆ ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಒಂದು ವಿಷಯ. ಗೇಟ್ ಪರೀಕ್ಷೆಯಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಸೇರಿದೆ.

ಈಗ ಹೇಳುವುದನ್ನು ಗುರುತು ಹಾಕಿಕೊಳ್ಳಿ. ಪರಿಸರ ವಿಜ್ಞಾನದ ಜೊತೆ ಯಾವ ವಿಷಯ ಓದುತ್ತೀರಿ ಎಂಬುದು ಪರಿಸರ ವಿಜ್ಞಾನದಷ್ಟೇ ಮುಖ್ಯ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯನ್ನೇ ನೋಡಿ. ಅದಕ್ಕೆ ಕೂರಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ! ಕಾಡಿನ ಕೆಲಸಕ್ಕೆಂದೇ ಆಸೆಪಟ್ಟು ಓದಿ, ಅರ್ಜಿ ಹಾಕುವ ದಿನ ಇದನ್ನು ತಿಳಿದರೆ ಹೇಗಿರುತ್ತದೆ? ಜೊತೆಗೆ ರಸಾಯನಶಾಸ್ತ್ರವೋ ಸಸ್ಯಶಾಸ್ತ್ರವೋ ಇದ್ದರೆ ಆ ಚಿಂತೆಯಿಲ್ಲ. ನನ್ನ ಸಲಹೆ ರಸಾಯನಶಾಸ್ತ್ರ. ಐದು ವರ್ಷ ಓದಿಸಲು ಕೈಲಾಗದೆ ಮೂರಕ್ಕೇ ನಿಲ್ಲಿಸಬೇಕಾಗಿ ಬಂದರೂ ಪ್ರಯೋಗಾಲಯದ ಬಾಗಿಲು ತೆರೆದಿರುತ್ತದೆ.

ಹತ್ತಿರದ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಇಲ್ಲವೆಂದು ದೂರದ ಊರಿನ ಹಾಸ್ಟೆಲ್ಲಿಗೆ ಓಡುವ ಅಗತ್ಯವೂ ಇಲ್ಲ. ರಸಾಯನ ಅಥವಾ ಜೀವ ವಿಜ್ಞಾನದ ವಿಷಯಗಳಲ್ಲಿ ಬಿ.ಎಸ್ಸಿ. ಮಾಡಿದವರಿಗೂ ಹಲವು ವಿಶ್ವವಿದ್ಯಾಲಯಗಳು ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಅವಕಾಶ ಕೊಡುತ್ತವೆ. ಕಾಡೇ ಬೇಕೆನ್ನುವವರಿಗೆ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳ ನಾಲ್ಕು ವರ್ಷದ ಪದವಿ ಇದೆ. ಅದು ಬೇರೆ ದಾರಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಪ್ರಯೋಗಾಲಯಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿ. ವಿದ್ಯಾರ್ಥಿಗಳು ತಾವೇ ಕೆರೆಗೆ ಹೋಗಿ ಮಾದರಿ ತರುತ್ತಾರೆಯೇ? ಉಪಕರಣಗಳು ಬೀರುವಿನಲ್ಲಿವೆಯೋ ಮೇಜಿನ ಮೇಲಿವೆಯೋ? ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ವರದಿಯನ್ನು ಮಕ್ಕಳೇ ಬರೆಯುತ್ತಾರೋ, ಹಳೆಯದನ್ನು ನಕಲು ಮಾಡುತ್ತಾರೋ? ಕಳೆದ ವರ್ಷದ ವರದಿಯೊಂದನ್ನು ಕೇಳಿ ತಿರುವಿ ಹಾಕಿ, ಉತ್ತರ ತಾನೇ ತಿಳಿಯುತ್ತದೆ. ಸರ್ಕಾರಿ ಹುದ್ದೆಯ ಆಸೆಯಿದ್ದರೆ ಹಿಂದಿನ ನೇಮಕಾತಿ ಅಧಿಸೂಚನೆ ತರಿಸಿ, ವಿದ್ಯಾರ್ಹತೆಯ ಸಾಲನ್ನು ಎರಡು ಸಲ ಓದಿ.

ತಂದೆ ಹೊರಡಲು ಎದ್ದರು. ಒಪ್ಪಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ, 'ಮುಂದಿನ ವಾರ ಬರೋವಾಗ ಒಂದು ಬಾಟ್ಲಿ ನೀರು ತರ್ಲಾ ಸಾರ್?' ಎಂದರು.

'ತನ್ನಿ. ಆದರೆ ಮೋಟಾರು ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ. ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ತುಂಬಿ, ಮುಚ್ಚಿ. ತಾರೀಖು, ಹೊತ್ತು, ಬೋರ್‌ವೆಲ್ ಎಷ್ಟು ಅಡಿ ಆಳ ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಇಷ್ಟನ್ನೂ ನೀವು ಮಾಡಬೇಡಿ, ಮಗಳ ಕೈಯಲ್ಲಿ ಮಾಡಿಸಿ' ಎಂದೆ.

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಹುಡುಗಿ ಆಗ ಬಾಯಿ ಬಿಟ್ಟಳು: 'ಒಂದು ಬಾಟ್ಲಿ ಸಾಲಲ್ಲ ಸಾರ್. ಕೆರೆ ಪಕ್ಕದ ಬಾವೀದೂ ತರ್ತೀನಿ.'