ಛಾವಣಿ ಸೋರಿದರೆ ರಿಪೇರಿ ಯಾರದ್ದು? ಪ್ಯಾರೀಸ್ ಕಾರ್ನರ್‌ನ ಹಳೆ ಮಳಿಗೆಗಳಲ್ಲಿ ದೂರು ಕೊಡುವುದೂ ಅಪಾಯ

ಚೆನ್ನೈಗೆ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಆ ಮೂರು ತಿಂಗಳು ಪ್ಯಾರೀಸ್ ಕಾರ್ನರ್ ಸುತ್ತಲಿನ ಹಳೆ ಮಳಿಗೆಗಳಲ್ಲಿ ಎರಡು ಬಗೆಯ ನೀರಿನ ಚಿಂತೆ. ಒಂದು, ರಸ್ತೆಯಿಂದ ಒಳಗೆ ನುಗ್ಗುವ ನೀರು. ಇನ್ನೊಂದು, ತಲೆಯ ಮೇಲಿಂದ ತೊಟ್ಟಿಕ್ಕುವ ನೀರು. ಕಾಗದದ ಬಂಡಲ್, ಬಟ್ಟೆಯ ಥಾನು, ಎಲೆಕ್ಟ್ರಿಕಲ್ ಸಾಮಾನು ಏನೇ ಇರಲಿ, ಒಂದು ರಾತ್ರಿ ಸೋರಿದರೆ ಸಾಕು. ಬೆಳಗ್ಗೆ ಶಟರ್ ಎತ್ತಿದಾಗ ಏಳುವ ಮೊದಲ ಪ್ರಶ್ನೆ: ಇದರ ಖರ್ಚು ಯಾರ ತಲೆಗೆ?

ಎನ್‌ಎಸ್‌ಸಿ ಬೋಸ್ ರಸ್ತೆ ಮತ್ತು ರಾಜಾಜಿ ಸಾಲೈ ಕೂಡುವ ಈ ಜಾಗಕ್ಕೆ ಹೆಸರು ಬಂದಿದ್ದು 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿಗೆ ಬಂದ ವೇಲ್ಸ್ ಮೂಲದ ವ್ಯಾಪಾರಿ ಥಾಮಸ್ ಪ್ಯಾರಿಯಿಂದ. ಮೂಲೆಯಲ್ಲಿ ಡೇರ್ ಹೌಸ್, ಎದುರಿಗೆ 1892ರಲ್ಲಿ ಆರಂಭವಾದ ಮದ್ರಾಸ್ ಹೈಕೋರ್ಟ್ ಕಟ್ಟಡ. ದಶಕಗಳ ಕಾಲ ನಗರದ ಬಾಡಿಗೆ ವ್ಯಾಜ್ಯಗಳನ್ನು ಕೇಳಿದ ಲಘು ವ್ಯವಹಾರಗಳ ನ್ಯಾಯಾಲಯವೂ ಹೈಕೋರ್ಟ್ ಆವರಣದಲ್ಲೇ ಇದೆ. ಸೋರುವ ಮಳಿಗೆಗೂ ಅದರ ವಿಚಾರಣೆ ನಡೆಯುವ ಕೋರ್ಟಿಗೂ ನಡುವೆ ಒಂದು ರಸ್ತೆ ದಾಟುವಷ್ಟೇ ದೂರ. ಆದರೂ ಸೋರಿಕೆಯ ಜಗಳ ಸೋರಿಕೆಯ ಜಗಳವಾಗಿಯೇ ಕೋರ್ಟ್ ಮೆಟ್ಟಿಲು ಹತ್ತುವುದು ಕಷ್ಟ. ಬಾಡಿಗೆ ಬಾಕಿ ಅಥವಾ ಮಳಿಗೆ ತೆರವಿನ ಅರ್ಜಿಯಾಗಿ ಅದು ರೂಪ ಬದಲಿಸುತ್ತದೆ. ಅದಕ್ಕೆ ಕಾರಣ ಕಾನೂನಿನೊಳಗೇ ಇದೆ.

ಪೈಪ್ ಮಾಲೀಕನದ್ದು, ವಾಷರ್ ಬಾಡಿಗೆದಾರನದ್ದು

ತಮಿಳುನಾಡಿನಲ್ಲಿ 1960ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. 2017ರಲ್ಲಿ ಅಂಗೀಕಾರವಾದ ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು ಹಾಗೂ ಹೊಣೆಗಾರಿಕೆ ನಿಯಂತ್ರಣ ಕಾಯ್ದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಮನೆಗೂ ಅನ್ವಯ, ಅಂಗಡಿಗೂ ಅನ್ವಯ.

ರಿಪೇರಿ ಯಾರು ಮಾಡಿಸಬೇಕು ಎಂಬುದನ್ನು ಈ ಕಾಯ್ದೆ ಅಸ್ಪಷ್ಟವಾಗಿ ಬಿಟ್ಟಿಲ್ಲ. ಎರಡನೇ ಅನುಸೂಚಿಯಲ್ಲಿ ಕೆಲಸ ಹಂಚಿದೆ. ಕಟ್ಟಡದ ರಚನೆಗೆ ಸಂಬಂಧಿಸಿದ ರಿಪೇರಿ, ಸುಣ್ಣ ಬಣ್ಣ, ಅಗತ್ಯವಿದ್ದಾಗ ನೀರಿನ ಪೈಪ್ ಬದಲಾವಣೆ ಮಾಲೀಕನ ಹೊಣೆ. ನಲ್ಲಿ ಮತ್ತು ಅದರ ವಾಷರ್, ಚರಂಡಿ ಕಟ್ಟಿಕೊಂಡರೆ ಸ್ವಚ್ಛ ಮಾಡಿಸುವುದು, ವಾಷ್ ಬೇಸಿನ್, ಗೀಸರ್ ರಿಪೇರಿ ಬಾಡಿಗೆದಾರನದ್ದು. ಅಂದರೆ ಛಾವಣಿ ಸೋರಿದರೆ ಮಾಲೀಕ ಮಾಡಿಸಬೇಕು. ಬೇಸಿನ್ ಕೆಳಗೆ ಸೋರಿ ಕೆಳಮಹಡಿಯ ಸರಕು ಒದ್ದೆಯಾದರೆ ಬಾಡಿಗೆದಾರ ಉತ್ತರ ಹೇಳಬೇಕು. ಜಗಳ ಹುಟ್ಟುವುದು ಇವೆರಡರ ನಡುವೆ: ಗೋಡೆಯೊಳಗಿನ ಪೈಪ್ ಒಸರುತ್ತಿದೆಯೋ, ತಾರಸಿಯ ಬಿರುಕೋ, ಮೇಲಿನ ಮಹಡಿಯ ಶೌಚಾಲಯವೋ ಎಂದು ಗೋಡೆ ಒಡೆಯದೆ ಹೇಳಲಾಗದು. ಒಡೆಯಲು ಇಬ್ಬರಿಗೂ ಮನಸ್ಸಿರುವುದಿಲ್ಲ.

ಮಾಲೀಕ ತನ್ನ ಪಾಲಿನ ರಿಪೇರಿ ನಿರಾಕರಿಸಿದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಸೆಕ್ಷನ್ 15 ಅವಕಾಶ ಕೊಡುತ್ತದೆ. ಬಾಡಿಗೆದಾರ ತನ್ನ ಕೆಲಸ ಮಾಡದಿದ್ದರೆ ಮಾಲೀಕ ಮಾಡಿಸಿ ಠೇವಣಿಯಿಂದ ಕಡಿತ ಮಾಡಬಹುದು. ಕೇಳಲು ಸಮತೋಲನದಂತೆ ಕಾಣುತ್ತದೆ. ಆದರೆ ಬಾಡಿಗೆದಾರನ ಹಕ್ಕಿಗೆ ಒಂದು ಮಿತಿ ಇದೆ: ಒಂದು ತಿಂಗಳಲ್ಲಿ ಮುರಿದುಕೊಳ್ಳುವ ಮೊತ್ತ ಆ ತಿಂಗಳ ಬಾಡಿಗೆಯ ಶೇ 50ರಷ್ಟನ್ನು ಮೀರುವಂತಿಲ್ಲ.

ಹಳೆ ಬಾಡಿಗೆ, ಹೊಸ ರಿಪೇರಿ

ಈ ಮಿತಿಯ ನಿಜವಾದ ಅರ್ಥ ತಿಳಿಯುವುದು ಹಳೆ ಪೇಟೆಯಲ್ಲಿ. ಉದಾಹರಣೆಗೆ, ತಲೆಮಾರಿನಿಂದ ಬಂದ ಮಳಿಗೆಯೊಂದರ ಬಾಡಿಗೆ ತಿಂಗಳಿಗೆ 2,000 ರೂಪಾಯಿ ಎಂದುಕೊಳ್ಳಿ. ಛಾವಣಿ ರಿಪೇರಿಗೆ 60,000 ರೂಪಾಯಿ ಖರ್ಚಾಯಿತು. ತಿಂಗಳಿಗೆ ಸಾವಿರದಂತೆ ಮುರಿದುಕೊಂಡರೆ ಹಣ ವಾಪಸ್ ಬರಲು 60 ತಿಂಗಳು, ಅಂದರೆ ಐದು ವರ್ಷ ಬೇಕು. ಹೊಸ ಫ್ಲ್ಯಾಟ್‌ನಲ್ಲಿ 30,000 ರೂಪಾಯಿ ಬಾಡಿಗೆ ಕೊಡುವವನಿಗೆ ಇದೇ ಖರ್ಚು ನಾಲ್ಕು ತಿಂಗಳಲ್ಲಿ ತೀರುತ್ತದೆ. ಒಂದೇ ಕಲಮು, ಒಬ್ಬನಿಗೆ ಉಪಯುಕ್ತ, ಇನ್ನೊಬ್ಬನಿಗೆ ಕಾಗದದ ಮೇಲಿನ ಹಕ್ಕು.

ಮಾಲೀಕನ ಕಡೆಯ ಮಾತೂ ಸುಳ್ಳಲ್ಲ. ಬಾಡಿಗೆ ನಿಯಂತ್ರಣದ ಕಾಲದ ದರವೇ ಮುಂದುವರಿದ ಕಟ್ಟಡದಲ್ಲಿ ಒಂದು ವರ್ಷದ ಬಾಡಿಗೆ ಒಂದು ತಾರಸಿಯ ಕೆಲಸಕ್ಕೂ ಸಾಲುವುದಿಲ್ಲ. ಅದೂ ಇಲ್ಲಿನದ್ದು ಸಾಮಾನ್ಯ ತಾರಸಿಯಲ್ಲ. ಜಾರ್ಜ್ ಟೌನ್‌ನ ಹಳೆ ಕಟ್ಟಡಗಳಲ್ಲಿ ಕಾಣುವುದು 'ಮದ್ರಾಸ್ ಟೆರೇಸ್' ಎಂದೇ ಹೆಸರಾದ ಛಾವಣಿ: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ ಹಾಸಿ, ಕೊನೆಗೆ ಚಪ್ಪಟೆ ಹೆಂಚು ಹೊದಿಸಿದ ನಿರ್ಮಾಣ. ಸುಣ್ಣ ತೇವ ಹೀರಿ ಮತ್ತೆ ಬಿಡುತ್ತದೆ. ಅದರ ಮೇಲೆ ಅಗ್ಗದ ದಾರಿಯೆಂದು ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತೊಲೆ ಕೊಳೆಯಲು ಶುರು. ಈ ವರ್ಷ ನಿಂತ ಸೋರಿಕೆ ಕೆಲವು ಮಳೆಗಾಲದ ಬಳಿಕ ತೊಲೆ ಬಾಗುವ ರೂಪದಲ್ಲಿ ಬರುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆ ಮೇಸ್ತ್ರಿಗಳನ್ನು ಹುಡುಕಿ ತರುವುದೂ ಸುಲಭವಲ್ಲ.

ದೂರು ತಿರುಗಿ ಬರುವ ಬಗೆ

ಹಾಗಾದರೆ ಬಾಡಿಗೆದಾರ ಬಾಡಿಗೆ ಪ್ರಾಧಿಕಾರಕ್ಕೆ ಹೋಗಬಹುದಲ್ಲ? ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಲ್ಲಿರುತ್ತಾರೆ. ಮಳಿಗೆ ಬಳಸಲಾಗದ ಸ್ಥಿತಿಯಲ್ಲಿದ್ದು, ಲಿಖಿತವಾಗಿ ಕೇಳಿದರೂ ಮಾಲೀಕ ರಿಪೇರಿ ಮಾಡಿಸದಿದ್ದರೆ 15 ದಿನಗಳ ನೋಟಿಸ್ ಕೊಟ್ಟು ಖಾಲಿ ಮಾಡಬಹುದು ಅಥವಾ ಪ್ರಾಧಿಕಾರದ ಮೊರೆ ಹೋಗಬಹುದು. ಆದರೆ ಅಲ್ಲಿ ಮೊದಲು ಕೇಳುವುದು ಕರಾರು ಪತ್ರ.

ಹೊಸ ಕಾಯ್ದೆಯಲ್ಲಿ ಬಾಡಿಗೆ ಎಷ್ಟೇ ಅವಧಿಯದ್ದಾಗಿರಲಿ, ಕರಾರು ಲಿಖಿತವಾಗಿರಬೇಕು, ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಅಪ್ಪನ ಕಾಲದಿಂದ ಬಾಯಿಮಾತು ಮತ್ತು ಬಾಡಿಗೆ ರಸೀದಿಯ ಮೇಲೆ ನಡೆದುಬಂದ ಅಂಗಡಿಗಳಿಗೆ ಇದೇ ದೊಡ್ಡ ತೊಡಕು. ಏಕೆಂದರೆ ಲಿಖಿತ ಕರಾರು ಮಾಡಿಕೊಳ್ಳಲು ಮಾಲೀಕ ಮತ್ತು ಬಾಡಿಗೆದಾರ ವಿಫಲರಾದರೆ ಅದನ್ನೇ ಆಧಾರವಾಗಿಟ್ಟು ಮಾಲೀಕ ತೆರವು ಕೋರಬಹುದು ಎನ್ನುತ್ತದೆ ಸೆಕ್ಷನ್ 21(2)(ಎ). ಕರಾರು ಆಗದಿರಲು ಕಾರಣ ಯಾರು ಎಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಹೊಸ ಕರಾರಿಗೆ ಮಾಲೀಕ ಹೊಸ ಬಾಡಿಗೆ ಕೇಳುತ್ತಾನೆ, ಬಾಡಿಗೆದಾರ ಒಪ್ಪುವುದಿಲ್ಲ, ಕರಾರು ಆಗುವುದಿಲ್ಲ. ಆ ಸ್ಥಿತಿಯಲ್ಲಿ ಛಾವಣಿಯ ಬಗ್ಗೆ ನೋಟಿಸ್ ಕಳುಹಿಸುವುದೆಂದರೆ, ಮಲಗಿದ್ದ ವ್ಯಾಜ್ಯವನ್ನು ತಾನೇ ಎಬ್ಬಿಸಿದಂತೆ.

ಇನ್ನೊಂದು ಬಾಗಿಲೂ ಇದೆ. ಜಾಗ ಖಾಲಿ ಮಾಡಿಸದೆ ರಿಪೇರಿ ಸಾಧ್ಯವಿಲ್ಲ ಎಂಬುದೂ ತೆರವಿಗೆ ಒಂದು ಆಧಾರ. 1960ರ ಕಾಯ್ದೆಯಲ್ಲಿ ರಿಪೇರಿಗೆಂದು ಖಾಲಿ ಮಾಡಿಸಿದರೆ, ಕೆಲಸ ಮುಗಿದ ಮೇಲೆ ಅದೇ ಬಾಡಿಗೆದಾರನಿಗೆ ಮರಳಿ ಕೊಡುವುದಾಗಿ ಮಾಲೀಕ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಈಗ ಮರುಪ್ರವೇಶ ಇಬ್ಬರೂ ಒಪ್ಪಿ ಹೊಸ ಕರಾರು ಸಲ್ಲಿಸಿದರೆ ಮಾತ್ರ. 'ಛಾವಣಿ ಅಪಾಯದಲ್ಲಿದೆ' ಎಂದು ಬಾಡಿಗೆದಾರ ಬರೆದ ಪತ್ರವೇ ಮಾಲೀಕನ ಅರ್ಜಿಗೆ ಸಾಕ್ಷಿಯಾಗುವ ಸಾಧ್ಯತೆ ಇದೆ. ಹಾಗಾಗಿಯೇ ಹಳೆ ಬಾಡಿಗೆದಾರ ದೂರು ಕೊಡುವ ಬದಲು ತಾರ್ಪಾಲ್ ಕಟ್ಟುತ್ತಾನೆ. ಅವನು ಹೆದರುವುದು ನೀರಿಗಲ್ಲ, ಜಾಗ ಕೈತಪ್ಪುವುದಕ್ಕೆ.

ತಾರ್ಪಾಲ್ ಕಟ್ಟುತ್ತಾ ಹೋಗಿ ಒಂದು ದಿನ ಕಟ್ಟಡವೇ ಕುಸಿದರೆ? 2014ರಲ್ಲಿ ಶಹಾ ರತನ್‌ಸಿ ಖಿಮ್‌ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ, ಕಟ್ಟಡ ನಾಶವಾದ ಮಾತ್ರಕ್ಕೆ ಬಾಡಿಗೆ ಹಕ್ಕು ಕೊನೆಗೊಳ್ಳುವುದಿಲ್ಲ, ಗುತ್ತಿಗೆ ಕಟ್ಟಡದ ಜತೆ ಅದು ನಿಂತ ನೆಲಕ್ಕೂ ಸೇರಿದ್ದು ಎಂದಿತು. ಬಾಡಿಗೆದಾರರಿಗೆ ಇದು ದೊಡ್ಡ ಆಸರೆ. ಆದರೆ ಆ ಹಕ್ಕನ್ನು ಸ್ಥಾಪಿಸಲು ಆಗುವ ವರ್ಷಗಳಲ್ಲಿ ವ್ಯಾಪಾರ ಬೇರೆಡೆ ಹೋಗಿರುತ್ತದೆ.

ಪ್ರವಾಹದ ತಿಂಗಳಿಗೂ ಬಾಡಿಗೆ ಕಟ್ಟಬೇಕೆ?

2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದ ನಂತರ ಚೆನ್ನೈನಲ್ಲಿ ಈ ಪ್ರಶ್ನೆ ಮನೆ ಬಾಡಿಗೆದಾರರನ್ನೂ ಕಾಡಿದೆ. ಪದೇಪದೇ ಡಾಂಬರು ಹಾಕಿ ರಸ್ತೆ ಎತ್ತರವಾದಂತೆ ಹಳೆ ಕಟ್ಟಡಗಳ ನೆಲಮಹಡಿ ತಗ್ಗಿಗೆ ಇಳಿದಿದೆ, ಆ ತಪ್ಪು ಮಾಲೀಕನದ್ದೂ ಅಲ್ಲ, ಬಾಡಿಗೆದಾರನದ್ದೂ ಅಲ್ಲ.

ಕಾನೂನು ಇಲ್ಲಿ ಬಿಗಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 108(ಇ) ಪ್ರಕಾರ ಬೆಂಕಿ, ಬಿರುಗಾಳಿ, ಪ್ರವಾಹದಿಂದ ಸ್ವತ್ತಿನ ಪ್ರಮುಖ ಭಾಗ ನಾಶವಾದರೆ ಅಥವಾ 'ಶಾಶ್ವತವಾಗಿ' ಬಳಕೆಗೆ ಬಾರದಂತಾದರೆ ಬಾಡಿಗೆದಾರ ಗುತ್ತಿಗೆ ರದ್ದು ಮಾಡಬಹುದು. ನಾಲ್ಕು ದಿನ ನಿಂತು ಇಳಿದ ನೀರು ಶಾಶ್ವತ ಹಾನಿಯಲ್ಲ. 2020ರಲ್ಲಿ ದೆಹಲಿ ಹೈಕೋರ್ಟ್ ಖಾನ್ ಮಾರ್ಕೆಟ್‌ನ ಮಳಿಗೆಯೊಂದರ ಪ್ರಕರಣದಲ್ಲಿ, ಕೋವಿಡ್ ಲಾಕ್‌ಡೌನ್‌ಗೆ ಬಾಡಿಗೆ ಅಮಾನತು ಸಾಧ್ಯವಿಲ್ಲ ಎಂದದ್ದು ಇದೇ ತರ್ಕದ ಮೇಲೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಮಾತ್ರ ಬೇರೆ ಮಾತು ಹೇಳುತ್ತದೆ: ಪ್ರವಾಹದಂಥ ವಿಕೋಪದಿಂದ ವಾಸ ಸಾಧ್ಯವಾಗದಿದ್ದರೆ, ಮಾಲೀಕ ಸರಿಪಡಿಸುವವರೆಗೆ ಬಾಡಿಗೆ ವಸೂಲಿ ಮಾಡುವಂತಿಲ್ಲ. ಆದರೆ ಅದು ಮಾದರಿ ಅಷ್ಟೆ. ರಾಜ್ಯವೊಂದು ಕಾನೂನಾಗಿ ತಂದರೆ ಮಾತ್ರ ಜೀವ.

ಬೆಂಗಳೂರಿನಲ್ಲಿ ಇದೇ ಸೋರಿಕೆಯಾದರೆ

ಬೆಂಗಳೂರಿನ ಬಾಡಿಗೆದಾರರಿಗೆ ಕೈಯಲ್ಲಿರುವುದು ಇನ್ನೂ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇಂದು ಆ ದರಕ್ಕೆ ನಗರದಲ್ಲಿ ಎಷ್ಟು ಮನೆ ಸಿಗುತ್ತವೆ? ಉಳಿದವರೆಲ್ಲ 1882ರ ಕಾಯ್ದೆಯ ಕೆಳಗೆ ಬರುತ್ತಾರೆ. ಅದರ ಸೆಕ್ಷನ್ 108(ಎಫ್) ರಿಪೇರಿ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಲು ಬಿಡುತ್ತದೆ, ಶೇ 50ರ ಮಿತಿಯೂ ಇಲ್ಲ. ಆದರೆ ಮಾಲೀಕ ಮಾಡಿಸಲು 'ಬದ್ಧನಾಗಿರುವ' ರಿಪೇರಿಗೆ ಮಾತ್ರ. ಬದ್ಧತೆ ಬರುವುದು ಕರಾರಿನಿಂದ. ಬಾಂಡ್ ಪೇಪರ್ ಮೇಲೆ 11 ತಿಂಗಳಿಗೆ ಬರೆಸುವ ಸಿದ್ಧ ಮಾದರಿಯ ಕರಾರಿನಲ್ಲಿ ಬಾಡಿಗೆದಾರ ಬಣ್ಣ ಹೊಡೆಸಿಕೊಡಬೇಕು ಎಂದು ಇರುತ್ತದೆ, ಛಾವಣಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಠೇವಣಿಯ ಲೆಕ್ಕವೂ ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ ತಮಿಳುನಾಡು ಕಾಯ್ದೆಯಲ್ಲಿ ಮೂರು ತಿಂಗಳ ಬಾಡಿಗೆಯೇ ಗರಿಷ್ಠ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿಯಿರುವ ಬೆಂಗಳೂರಿನಲ್ಲಿ, ಖಾಲಿ ಮಾಡುವ ದಿನ ಗೋಡೆಯ ತೇವದ ಕಲೆ ತೋರಿಸಿ ಕಡಿತ ಮಾಡಲು ಮಾಲೀಕನ ಕೈಯಲ್ಲಿ ಹಣ ಹೆಚ್ಚು.

ಅಷ್ಟಾಗಿ ಬಳಕೆಗೆ ಬಾರದ ಒಂದು ಕಲಮು ಬಾಡಿಗೆದಾರನ ಪರವಾಗಿದೆ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ, ಮಾಲೀಕನಿಗೆ ಗೊತ್ತಿರುವ ಪ್ರಮುಖ ದೋಷವನ್ನು ಮೊದಲೇ ತಿಳಿಸಬೇಕು ಎನ್ನುತ್ತದೆ ಸೆಕ್ಷನ್ 108(ಎ). ಬೇಸಿಗೆಯಲ್ಲಿ ಹೊಸ ಬಣ್ಣ ಹೊಡೆದು ತೋರಿಸಿದ ಗೋಡೆ ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ಈ ಕಲಮು ನೆರವಿಗೆ ಬರಬಹುದು. ಹಿಂದಿನ ಮಳೆಗಾಲದಲ್ಲೂ ಸೋರಿತ್ತು ಎಂಬುದಕ್ಕೆ ಹಳೆ ಬಾಡಿಗೆದಾರನ ಮಾತು, ಪ್ಲಂಬರ್ ಬಿಲ್ ಇದ್ದರೆ ವಾದ ಗಟ್ಟಿ.

ಹಾಳಾದ ಸರಕಿನದ್ದು ಬೇರೆಯೇ ಲೆಕ್ಕ. ಮಾಲೀಕನ ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರ ಸಿಗದು, ಅವನು ಕಟ್ಟಡಕ್ಕೆ ಮಾಡಿಸಿದ ವಿಮೆ ಬಾಡಿಗೆದಾರನ ಸರಕಿಗೆ ಅನ್ವಯಿಸದು. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಸಣ್ಣ ವ್ಯಾಪಾರಿಗಳು ಪ್ರವಾಹ, ಪೈಪ್ ಅಥವಾ ಟ್ಯಾಂಕ್ ಒಡೆದು ಆಗುವ ನಷ್ಟಕ್ಕೆ ರಕ್ಷಣೆ ಪಡೆಯಬಹುದು, ಬಾಡಿಗೆ ಮನೆಯ ಸಾಮಾನಿಗೆ ಭಾರತ್ ಗೃಹ ರಕ್ಷಾ ಇದೆ. ಆದರೆ ವರ್ಷಗಟ್ಟಲೆ ಒಸರಿ ಹಾಳಾದದ್ದನ್ನು ವಿಮಾ ಕಂಪನಿ ಸಾಮಾನ್ಯವಾಗಿ ಆಕಸ್ಮಿಕ ಎಂದು ಒಪ್ಪುವುದಿಲ್ಲ. ಸೋರಿಕೆ ಶುರುವಾದ ದಿನವೇ ಫೋಟೊ ತೆಗೆದು ಮಾಲೀಕನಿಗೆ ಬರೆದು ತಿಳಿಸಿದ ದಾಖಲೆ ಅಲ್ಲಿಯೂ ಬೇಕು, ಕೋರ್ಟಿನಲ್ಲಿಯೂ ಬೇಕು. ಪ್ಯಾರೀಸ್ ಕಾರ್ನರ್‌ನ ಹಳೆ ಬಾಡಿಗೆದಾರ ಬರೆಯಲು ಹಿಂಜರಿಯುವುದೂ ಇದೇ ಪತ್ರವನ್ನು.