ಗಾಡಿಯ ಗಡ್ಡ ಬೋಳಿಸುವ ಮೊದಲು

"ತಮಾ, ನೀವೆಲ್ಲ ಇಂಜಿನಿಯರಿಂಗ್ ಕಲಿಯೋರು. ಈ ಗಡ್ಡ ಕತ್ತರಿಸಬಹುದೋ ಬೇಡವೋ, ಒಂದು ಮಾತು ಹೇಳಿ."

ಹೋದ ಮೇ ತಿಂಗಳಲ್ಲಿ ಗೆಳೆಯನ ಚಿಕ್ಕಪ್ಪ ಹೀಗೆ ಕೇಳಿದಾಗ ಅವರ ಕೈಯಲ್ಲಿ ಹ್ಯಾಕ್ಸಾ ಬ್ಲೇಡ್ ಇತ್ತು, ನಮ್ಮ ಕೈಯಲ್ಲಿ ಮಾವಿನಹಣ್ಣು. ಕಾರವಾರ ಮತ್ತು ಅಂಕೋಲಾ ನಡುವೆ, ಅವರ್ಸಾ ಹತ್ತಿರದ ಮನೆ. ಅಂಗಳದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್. ಮುಂದೆ ಮನೆಮಂದಿ ಕೂರಬಹುದು, ಹಿಂದೆ ಮಾವಿನ ಪೆಟ್ಟಿಗೆ ಹೇರಬಹುದು ಅಂತ ಸಾಲ ಮಾಡಿ ತಂದದ್ದು. ಅವರು ಗಡ್ಡ ಅಂದದ್ದು ಮುಂದಿನ ಬಂಪರ್‌ನ ಕೆಳಗೆ ಇಳಿಬಿದ್ದ ಕಪ್ಪು ಪ್ಲಾಸ್ಟಿಕ್ ಪಟ್ಟಿಗೆ. ನಮ್ಮ ಭಾಷೆಯಲ್ಲಿ ಏರ್ ಡ್ಯಾಮ್. ಮನೆಯಿಂದ ರಸ್ತೆಗೆ ಹತ್ತುವಾಗ ಒಮ್ಮೆ, ಊರ ಶಾಲೆ ಎದುರಿನ ಹಂಪ್ ದಾಟುವಾಗ ಇನ್ನೊಮ್ಮೆ, ದಿನಾ ಅದು ನೆಲಕ್ಕೆ ಉಜ್ಜುತ್ತಿತ್ತು. ಎಡಮೂಲೆ ಆಗಲೇ ಸೀಳಿ ನೇತಾಡುತ್ತಿತ್ತು.

ನಾವು ಮೂವರು, ಮೂವರೂ ಮೆಕ್ಯಾನಿಕಲ್, ಆರನೇ ಸೆಮ್ ಮುಗಿಸಿದವರು. ಒಬ್ಬ ತಕ್ಷಣ, "ಬೇಡ ಚಿಕ್ಕಪ್ಪ, ಕಂಪನಿಯವರು ವಿಂಡ್ ಟನೆಲ್‌ನಲ್ಲಿ ಟೆಸ್ಟ್ ಮಾಡಿ ಇಟ್ಟಿರ್ತಾರೆ, ಮುಟ್ಟಬೇಡಿ" ಎಂದ. ಇನ್ನೊಬ್ಬ, "ಅಯ್ಯೋ, ಕತ್ತರಿಸಿ, ಏನೂ ಆಗಲ್ಲ, ಎಲ್ಲರೂ ಕತ್ತರಿಸ್ತಾರೆ" ಎಂದ. ಮೂರನೆಯವನು ಹಣ್ಣು ತಿನ್ನುತ್ತಿದ್ದ. ಎರಡೂ ಉತ್ತರ ಬರಲು ಹತ್ತು ಸೆಕೆಂಡ್ ಹಿಡಿಯಲಿಲ್ಲ. ಚಿಕ್ಕಪ್ಪ ಇಬ್ಬರನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸರಿ, ಕತ್ತರಿಸೋದಾದ್ರೆ ಎಷ್ಟು?"

ಮೂವರೂ ಸುಮ್ಮನಾದೆವು.

ಈ ಲೇಖನ ಬರೆಯುತ್ತಿರುವುದು ಆ ಮೌನಕ್ಕಾಗಿ. ಮನೆಯಲ್ಲಿ ಕೂತು ಗಾಡಿಯ ಪ್ಲಾಸ್ಟಿಕ್ ಕತ್ತರಿಸುವುದು ತಪ್ಪಲ್ಲ, ಅಳತೆ ಮಾಡದೆ ಕತ್ತರಿಸುವುದು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಅಳತೆ ಮಾಡದೆ "ಕತ್ತರಿಸಬೇಡಿ" ಎನ್ನುವುದೂ ಅಷ್ಟೇ ತಪ್ಪು. ಎರಡನೆಯ ತಪ್ಪನ್ನು ಹೆಚ್ಚಾಗಿ ಮಾಡುವವರು ನಮ್ಮಂಥ ಓದುತ್ತಿರುವವರೇ. ಚಿಕ್ಕಪ್ಪನಿಗೆ ಅದು ವೈವಾ ಪ್ರಶ್ನೆ ಆಗಿರಲಿಲ್ಲ. ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಹೆಸರು ದೊಡ್ಡದಾಗಿದೆ. ಆದರೆ ಹಣ್ಣಿನ ಸೀಸನ್ ಮಾತ್ರ ಕೆಲವೇ ವಾರ. ಆ ವಾರಗಳಲ್ಲಿ ಇಂಜಿನ್ ಕಾದು ಗಾಡಿ ನಿಂತರೆ ಹಣ್ಣು ಕಾಯುವುದಿಲ್ಲ, ಸಾಲದ ಕಂತೂ ಕಾಯುವುದಿಲ್ಲ.

ಮೊದಲು ಆ ಪಟ್ಟಿ ಮಾಡುವ ಕೆಲಸ ಏನು ಅಂತ ನೋಡೋಣ. ಗಾಡಿಯ ಅಡಿಭಾಗ ಸಪಾಟಾಗಿಲ್ಲ. ಆಕ್ಸಲ್, ಸೈಲೆನ್ಸರ್, ಚಾಸಿ ಎಲ್ಲ ನೇತಾಡುತ್ತಿರುತ್ತವೆ. ಗಾಳಿ ಅಲ್ಲಿ ನುಗ್ಗಿದಷ್ಟೂ ಡ್ರ್ಯಾಗ್ ಹೆಚ್ಚು. ಏರ್ ಡ್ಯಾಮ್ ಆ ಗಾಳಿಯನ್ನು ಮುಂದೆಯೇ ತಡೆದು ಪಕ್ಕಕ್ಕೆ ಕಳಿಸುತ್ತದೆ. ಎರಡನೆಯ ಕೆಲಸ ಇನ್ನೂ ಮುಖ್ಯ. ಅದರ ಹಿಂದುಗಡೆ ಒತ್ತಡ ಕಡಿಮೆಯಾಗುವುದರಿಂದ ರೇಡಿಯೇಟರ್ ಮೂಲಕ ಬಂದ ಬಿಸಿಗಾಳಿ ಕೆಳಗಿನಿಂದ ಸುಲಭವಾಗಿ ಹೊರಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಇದರ ಮೇಲೆ ಅವಲಂಬನೆ ಎಷ್ಟಿದೆಯೆಂದರೆ, 1982ರಿಂದ 1992ರವರೆಗೆ ಬಂದ ಶೆವ್ರೊಲೆ ಕಮಾರೊ ಕಾರು ಬಂಪರ್ ಕೆಳಗಿನಿಂದಲೇ ಗಾಳಿ ಎಳೆಯುತ್ತಿತ್ತು. ಏರ್ ಡ್ಯಾಮ್ ಮುರಿದರೆ ಹೈವೇಯಲ್ಲಿ ಇಂಜಿನ್ ಕಾಯುವುದು ಅದರ ಹೆಸರಾಂತ ಕಾಯಿಲೆ. ಆದ್ದರಿಂದ "ಏನೂ ಆಗಲ್ಲ" ಅನ್ನುವ ಗೆಳೆಯನ ಮಾತು ಎಲ್ಲ ಗಾಡಿಗೂ ನಿಜವಲ್ಲ.

ಹಾಗಂತ "ಮುಟ್ಟಬೇಡಿ" ಅನ್ನುವವನ ಮಾತು ಎಷ್ಟು ನಿಜ? ಲೆಕ್ಕ ಹಾಕಿದೆವು. ಪಿಕಪ್‌ನ ಡ್ರ್ಯಾಗ್ ಗುಣಾಂಕ ಮತ್ತು ಎದುರಿನ ವಿಸ್ತೀರ್ಣದ ಗುಣಲಬ್ಧ ಸುಮಾರು 1.2 ಚದರ ಮೀಟರ್ ಎಂದು ಹಿಡಿದೆವು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 350 ನ್ಯೂಟನ್, 40 ಕಿ.ಮೀ. ವೇಗದಲ್ಲಿ ಬರೀ 90. ಎರಡು ಟನ್ ಗಾಡಿಗೆ ಟಯರಿನ ಉರುಳು ತಡೆ ಸುಮಾರು 230 ನ್ಯೂಟನ್. ಪಟ್ಟಿ ಕತ್ತರಿಸಿದ್ದಕ್ಕೆ ಗಾಳಿಯ ತಡೆ ನೂರಕ್ಕೆ 3ರಷ್ಟು ಹೆಚ್ಚಾಯಿತು ಅಂತಲೇ ಇಟ್ಟುಕೊಳ್ಳಿ. 80ರ ವೇಗದಲ್ಲಿ ಒಟ್ಟು ತಡೆ ನೂರಕ್ಕೆ 2ರಷ್ಟೂ ಏರುವುದಿಲ್ಲ. ಊರೊಳಗೆ ಓಡಾಡುವಾಗ 1ಕ್ಕಿಂತ ಕಡಿಮೆ. ಡೀಸೆಲ್ ಲೆಕ್ಕದಲ್ಲಿ ಇದು ಸೋಲುವ ವ್ಯಾಪಾರವಲ್ಲ. ಹೆದರಬೇಕಾದದ್ದು ಇಂಜಿನ್ ಕಾಯುವುದಕ್ಕೆ, ಮೈಲೇಜಿಗಲ್ಲ.

ಹಣ್ಣು ತಿನ್ನುತ್ತಿದ್ದವನು ಕೈ ತೊಳೆದು ಟೇಪ್ ತಂದ. ಗಾರೆ ಕೆಲಸದವರ ಮನೆಯಿಂದ ರಸಮಟ್ಟ ಬಂತು. ಟಯರಿಗೆ ಸರಿಯಾಗಿ ಗಾಳಿ ಹಾಕಿಸಿ, ಇಬ್ಬರನ್ನು ಮುಂದೆ ಕೂರಿಸಿ ಅಳೆದೆವು. ಪಟ್ಟಿಯ ತಳ ನೆಲದಿಂದ 20 ಸೆಂ.ಮೀ. ಎತ್ತರ, ಮುಂದಿನ ಚಕ್ರದ ನಡುವಿನಿಂದ 60 ಸೆಂ.ಮೀ. ಮುಂದೆ. ಟಯರಿನ ಅಡಿಗೆ ತಾಗಿಸಿ ಪಟ್ಟಿಯ ತಳಕ್ಕೆ ದಾರ ಎಳೆದರೆ ಸುಮಾರು 20 ಡಿಗ್ರಿ. ಇದೇ ಅಪ್ರೋಚ್ ಆಂಗಲ್. ಎದುರಿನ ಏರು ಇದಕ್ಕಿಂತ ಕಡಿದಾಗಿದ್ದರೆ ಗಡ್ಡ ಉಜ್ಜುತ್ತದೆ.

ಆಮೇಲೆ ಮನೆಯ ಗೇಟು. ರಸ್ತೆ ಎತ್ತರವಾದ ಮೇಲೆ ಮನೆ ಕೆಳಗೆ ಉಳಿದಿದೆ. ಗೇಟಿನ ಮೋರಿ ಮೇಲಿನ ಏರು ಒಂದು ಮೀಟರ್ ಉದ್ದದಲ್ಲಿ 40 ಸೆಂ.ಮೀ. ಹತ್ತುತ್ತದೆ, ಅಂದರೆ ಸುಮಾರು 22 ಡಿಗ್ರಿ. ಉಜ್ಜದೆ ಇನ್ನೇನು ಮಾಡೀತು? ಆ ಏರನ್ನು ಕೆಂಪುಕಲ್ಲಿನ ಚೂರು, ಸ್ವಲ್ಪ ಸಿಮೆಂಟು ಹಾಕಿ ಒಂದೂವರೆ ಮೀಟರಿಗೆ ಉದ್ದ ಮಾಡಿದರೆ ಕೋನ 15 ಡಿಗ್ರಿಗೆ ಇಳಿಯುತ್ತದೆ. ಗಾಡಿಗೆ ಬ್ಲೇಡ್ ಮುಟ್ಟಿಸುವುದೇ ಬೇಡ. ಅಷ್ಟು ಹೊತ್ತು ಗಾಡಿಯನ್ನೇ ನೋಡುತ್ತಿದ್ದ ನಮಗೆ ತಪ್ಪು ನೆಲದ್ದೂ ಇರಬಹುದು ಅಂತ ಹೊಳೆದದ್ದೇ ಆಗ.

ಮೂರನೆಯದು ಶಾಲೆ ಎದುರಿನ ಹಂಪ್. ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಹೇಳುತ್ತದೆ: 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟಲು ಮಾಡಿದ ವಿನ್ಯಾಸ. ನೀವೇ ಲೆಕ್ಕ ಹಾಕಿ: ಅಗಲದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಸರಿಯಾಗಿ 10 ಸೆಂ.ಮೀ. ಬರುತ್ತದೆ. ಅದರ ಅಂಚಿನ ಏರು 6 ಡಿಗ್ರಿ ಚಿಲ್ಲರೆ. ಇಂಥ ಹಂಪ್ ಮೇಲೆ ಚಿಕ್ಕಪ್ಪನ ಪಿಕಪ್ ಉಜ್ಜುವುದಕ್ಕೆ ಸಾಧ್ಯವೇ ಇರಲಿಲ್ಲ. ನಾವು ಅಳೆದ ಹಂಪ್ 15 ಸೆಂ.ಮೀ. ಎತ್ತರ, ಒಂದೇ ಮೀಟರ್ ಅಗಲ. ಡಾಂಬರು ಮಿಕ್ಕಿತ್ತು, ಸುರಿದರು ಅನ್ನುವ ಹಾಗೆ.

ಆದರೂ 20ಕ್ಕೆ 15 ಕಳೆದರೆ 5 ಸೆಂ.ಮೀ. ಜಾಗ ಇದೆಯಲ್ಲ, ಯಾಕೆ ಉಜ್ಜುತ್ತದೆ? ಪಕ್ಕದಲ್ಲಿ ನಿಂತು ನೋಡಿದಾಗ ಗೊತ್ತಾಯಿತು. ಚಿಕ್ಕಪ್ಪ ಹಂಪ್ ಹತ್ತಿರ ಬಂದ ಮೇಲೆ ಜೋರಾಗಿ ಬ್ರೇಕ್ ಒತ್ತುತ್ತಿದ್ದರು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬಂದು ಮೂತಿ ಐದಾರು ಸೆಂ.ಮೀ. ಬಾಗುತ್ತದೆ. ಇದ್ದ ಜಾಗ ಅಲ್ಲಿಗೇ ಮುಗಿಯಿತು. ಬ್ರೇಕ್ ಮೊದಲೇ ಒತ್ತಿ, ಹಂಪ್ ಹತ್ತುವಾಗ ಕಾಲು ತೆಗೆದುಬಿಟ್ಟರೆ ಅದೇ ಗಾಡಿ, ಅದೇ ಹಂಪ್, ಸದ್ದಿಲ್ಲ. ಖರ್ಚು ಸೊನ್ನೆ.

ಹಾಗಾದರೆ ಕತ್ತರಿಸಲೇ ಇಲ್ಲವೇ? ಕತ್ತರಿಸಿದೆವು, 3 ಸೆಂ.ಮೀ. ಮಾತ್ರ. ಎಡಮೂಲೆ ಹೇಗೂ ಸೀಳಿತ್ತು. ನೇತಾಡುವ ತುಂಡು ಹೈವೇಯಲ್ಲಿ ಕಿತ್ತು ಚಕ್ರಕ್ಕೆ ಸಿಕ್ಕುವುದು ಎಲ್ಲಕ್ಕಿಂತ ಅಪಾಯ. 3 ಸೆಂ.ಮೀ. ತೆಗೆದರೆ ಅಪ್ರೋಚ್ ಆಂಗಲ್ 24 ಡಿಗ್ರಿ ಹತ್ತಿರ ಬರುತ್ತದೆ, ಮಳೆಗಾಲದಲ್ಲಿ ಗೇಟಿನ ಕಲ್ಲು ಸ್ವಲ್ಪ ಕೊಚ್ಚಿಹೋದರೂ ಸಾಕು. ಪಟ್ಟಿಯ ಮುಕ್ಕಾಲುಪಾಲು ಉಳಿಯುತ್ತದೆ.

ಮಾಡುವವರಿಗೆ ನಾವು ಕಲಿತ ನಾಲ್ಕು ಮಾತು. ಗಾಡಿಯಲ್ಲಿರುವಾಗಲೇ ಕತ್ತರಿಸಬೇಡಿ, ಬಿಚ್ಚಿ ಜಗುಲಿಗೆ ತನ್ನಿ. ಕಾರವಾರದ ಕಡೆಯ ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಟೇಪ್ ಅಂಟಿಸಿ ಗೆರೆ ಎಳೆದು, ಹ್ಯಾಕ್ಸಾದಲ್ಲಿ ನಿಧಾನ ಕೊಯ್ಯಿರಿ. ಗ್ರೈಂಡರ್ ಹಿಡಿದರೆ ಪ್ಲಾಸ್ಟಿಕ್ ಕರಗಿ ಅಂಚು ಗಂಟುಗಂಟಾಗುತ್ತದೆ. ಸೀಳು ಎಲ್ಲಿ ನಿಂತಿದೆಯೋ ಅದರ ತುದಿಗೆ ಒಂದು ಸಣ್ಣ ತೂತು ಕೊರೆಯಿರಿ. ಸ್ಟ್ರೆಸ್ ಕಾನ್ಸೆಂಟ್ರೇಶನ್ ಅಂತ ಪರೀಕ್ಷೆಯಲ್ಲಿ ಬರೆದಿದ್ದೆವಲ್ಲ, ಅದೇ. ಕತ್ತರಿಸಿದ ಅಂಚನ್ನು ಅರದಿಂದ, ಪಾಲಿಶ್ ಪೇಪರಿನಿಂದ ನುಣ್ಣಗೆ ಮಾಡಿ. ಚೂಪು ಮೂಲೆ ಬಿಟ್ಟರೆ ನಾಳೆ ಅಲ್ಲಿಂದಲೇ ಸೀಳು ಶುರು. ಕಡಿಮೆ ಕತ್ತರಿಸಿ, ಬೇಕಾದರೆ ಇನ್ನೊಮ್ಮೆ ಕತ್ತರಿಸಬಹುದು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಇಂಜಿನ್ ಕಾಯುವ ಅನುಮಾನ ಇದ್ದರೆ ಕತ್ತರಿಸಿದ ಜಾಗಕ್ಕೆ ಮಡ್‌ಫ್ಲ್ಯಾಪ್ ರಬ್ಬರಿನ ಪಟ್ಟಿ ಕೂರಿಸಿ. ನೆಲಕ್ಕೆ ತಾಗಿದರೆ ಬಾಗುತ್ತದೆ, ಗಾಳಿಯನ್ನೂ ತಡೆಯುತ್ತದೆ. ಕಬ್ಬಿಣದ ಗಾರ್ಡ್ ಮಾತ್ರ ಬೇಡ. ಎದುರಿಗೆ ಸಿಕ್ಕ ಪಾದಚಾರಿಗೆ ಅದು ಮಾರಕ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ.

ಕತ್ತರಿಸಿದ ಮೇಲೆ ಟೆಸ್ಟ್. ನಾವು ಮೊದಲು ಯೋಚಿಸಿದ್ದು ಯಲ್ಲಾಪುರ ದಾರಿಯ ಅರಬೈಲ್ ಘಟ್ಟ. ಲೋಡ್ ಹಾಕಿ ಹತ್ತಿಸಿದರೆ ಗೊತ್ತಾಗುತ್ತದೆ ಅಂತ. ಆಮೇಲೆ ತಪ್ಪು ಕಂಡಿತು. ಘಟ್ಟದಲ್ಲಿ ವೇಗ ಕಡಿಮೆ, ರೇಡಿಯೇಟರಿಗೆ ಗಾಳಿ ಎಳೆಯುವುದು ಫ್ಯಾನ್. ಏರ್ ಡ್ಯಾಮ್ ಕೆಲಸ ಮಾಡುವುದು ವೇಗ ಇದ್ದಾಗ. ಹಾಗಾಗಿ ನಿಜವಾದ ಪರೀಕ್ಷೆ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥದಲ್ಲಿ, ಎಸಿ ಹಾಕಿಕೊಂಡು, 80ರಲ್ಲಿ. ಒಬಿಡಿ ಡಾಂಗಲ್ ಚುಚ್ಚಿ ಮೊಬೈಲಿನಲ್ಲಿ ಕೂಲೆಂಟ್ ತಾಪ ನೋಡುತ್ತ ಕಾರವಾರಕ್ಕೆ ಹೋಗಿ ಬಂದೆವು. ಕತ್ತರಿಸುವ ಮೊದಲೂ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಿ ಬರೆದಿಟ್ಟಿದ್ದೆವು. ಎರಡು ಓಟದ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಆ ಒಂದು ಗಾಡಿಯ ಮಾತು. ನಿಮ್ಮ ಗಾಡಿಗೆ ನೀವೇ ನೋಡಬೇಕು.

ಕಾನೂನಿನ ಮಾತೂ ಒಂದಿದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿದೆ. ಆರ್‌ಸಿಯಲ್ಲಿ ಏರ್ ಡ್ಯಾಮ್‌ನ ಉದ್ದ ಬರೆದಿರುವುದಿಲ್ಲ, ನಿಜ. ಆದರೆ ವಾರಂಟಿ ಇರುವ ಹೊಸ ಗಾಡಿಯಾದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಬಂಪರ್ ಒಳಗಿನ ಉಕ್ಕಿನ ಬೀಮ್, ಸೆನ್ಸರ್, ಅದರ ವೈರ್ ಯಾವುದನ್ನೂ ಮುಟ್ಟಬೇಡಿ.

"ಮನೆಯಲ್ಲೇ ಮಾಡಿಕೊಂಡದ್ದು" ಅಂದರೆ ನಮ್ಮಲ್ಲಿ ಸ್ವಲ್ಪ ನಗು ಇದೆ. ಜುಗಾಡ್ ಅನ್ನುತ್ತೇವೆ, ಸೆಮಿನಾರಿಗೆ ತರುವುದಿಲ್ಲ. ಆ ದಿನ ನಾವು ಬಳಸಿದ್ದು ಮಾತ್ರ ಪೂರ್ತಿ ಸಿಲಬಸ್ಸೇ: ಕೋನ, ಡ್ರ್ಯಾಗ್, ಭಾರದ ವರ್ಗಾವಣೆ, ಸೀಳಿನ ತುದಿ, ಮೊದಲು ಮತ್ತು ನಂತರದ ಹೋಲಿಕೆ. ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದನ್ನು ಯಾರದೋ ಅಂಗಳದಲ್ಲಿ ಬಳಸಬಹುದು ಅಂತ ನಮಗೇ ಹೊಳೆಯಲಿಲ್ಲ. ಹೊಳೆಸಿದ್ದು "ಎಷ್ಟು?" ಅಂತ ಕೇಳಿದ ಚಿಕ್ಕಪ್ಪ.

ಹಂಪ್‌ನ ಅಳತೆಯನ್ನು ಚಿತ್ರ ಸಮೇತ ಕನ್ನಡದಲ್ಲಿ ಅರ್ಜಿ ಬರೆದು ಪಂಚಾಯತಿಗೆ ಕೊಟ್ಟು ಬಂದಿದ್ದೇವೆ. ಹಂಪ್ ಇನ್ನೂ ಹಾಗೇ ಇದೆ. ಶಾಲೆ ಮಕ್ಕಳಿಗೆ ಹಂಪ್ ಬೇಕೇ ಬೇಕು, ತೆಗೆಯಿರಿ ಅಂತ ನಾವು ಕೇಳಿಲ್ಲ, ಸರಿಯಾಗಿ ಮಾಡಿ ಅಂತ ಕೇಳಿದ್ದೇವೆ. ಒಂದು ಊರಿನ ಒಂದು ಅರ್ಜಿ ಮೂಲೆಗೆ ಹೋಗಬಹುದು. ರಜೆಗೆ ಹೋದ ನಾವೆಲ್ಲ ನಮ್ಮ ನಮ್ಮ ಊರಿನ ಹಂಪ್‌ಗಳನ್ನು ಅಳೆದು ಕೊಟ್ಟರೆ ಅಷ್ಟು ಸುಲಭಕ್ಕೆ ಮೂಲೆಗೆ ಹೋಗಲಾರದು. ಬೇಕಾದದ್ದು ಒಂದು ಟೇಪು, ಒಂದು ರಸಮಟ್ಟ, ಅರ್ಧ ಗಂಟೆ. ನಮ್ಮ ಕಾಲೇಜು ಗೇಟಿನ ಹಂಪ್‌ನಿಂದಲೇ ಶುರು ಮಾಡಬಹುದು. ಬರುವ ಶನಿವಾರ ನಾವು ಮೂವರು ಅಲ್ಲಿರುತ್ತೇವೆ, ಬನ್ನಿ.