ಯೋಸೇಫನ ಕಣಜದಲ್ಲಿ ನಮ್ಮ ಪಾಲು



ಬೆಲೆ ಬಿದ್ದಾಗ ನಮಗೆ ತಪ್ಪದೆ ಬರುವ ಉತ್ತರ ಒಂದುಂಟು: "ಲೋಕದ ಮಾರುಕಟ್ಟೆ ಕುಸಿದಿದೆ, ಬೋನಸ್ಸು ಇಷ್ಟೇ." ಬೆಲೆ ಏರಿದಾಗಲೋ, ಆ ಮಾರುಕಟ್ಟೆಯ ಸುದ್ದಿಯನ್ನು ನಮ್ಮ ಲೈನಿಗೆ ತರುವವರು ಯಾರೂ ಇಲ್ಲ. ಇದನ್ನು ನಾವು ಕುಳಿತು ಆಲೋಚಿಸಬೇಕು.

2009ರಲ್ಲಿ ನಮ್ಮ ಸರಕಾರವು ಆಸಿಯಾನ್ ದೇಶಗಳೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಚಹಾ ಮತ್ತು ಕಾಫಿಯ ಆಮದು ಸುಂಕವನ್ನು ಹಂತಹಂತವಾಗಿ ಶೇ. 45ಕ್ಕೆ, ಕರಿಮೆಣಸಿನದನ್ನು ಶೇ. 50ಕ್ಕೆ 2019ರ ಕೊನೆಯೊಳಗೆ ಇಳಿಸಲು ಒಪ್ಪಿತು. ಅದೇ ವರ್ಷ ಅಕ್ಟೋಬರ್ 2ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಜನರು ಕೈಕೈ ಹಿಡಿದು ಸಾಲಾಗಿ ನಿಂತು ವಿರೋಧಿಸಿದರು. ಸಹಿಗೆ ಮುಂಚೆ, ಎಲೆ ಕೀಳುವ ಒಬ್ಬ ಹೆಂಗಸನ್ನಾದರೂ ಕೇಳಿದ್ದುಂಟೇ?

ಸತ್ಯವನ್ನೂ ಹೇಳಬೇಕು. ಅದೇ ಒಪ್ಪಂದದಲ್ಲಿ ತಾಳೆ ಎಣ್ಣೆಯ ಸುಂಕವನ್ನೂ ಇಳಿಸಲು ಒಪ್ಪಿದರು. ನಮ್ಮ ಬಾಣಲೆಗೆ ಬೀಳುವುದೂ ಆ ಎಣ್ಣೆಯೇ. ವಿಯೆಟ್ನಾಮಿನಲ್ಲಿ ಮೆಣಸು ಕೊಯ್ಯುವವನು ನಮ್ಮ ಶತ್ರುವಲ್ಲ, ನಮ್ಮಂತೆಯೇ ಬೆವರು ಸುರಿಸುವವನು. ಆದ್ದರಿಂದ "ಬಾಗಿಲು ಮುಚ್ಚಿ" ಎಂಬುದಷ್ಟೇ ನಮ್ಮ ಕೂಗಾಗಬಾರದು. ನಷ್ಟ ಬಂದಾಗ ಅದನ್ನು ಹೊರುವವರು ಯಾರು ಎಂದು ಕೇಳಬೇಕು.

ಈ ಒಪ್ಪಂದಕ್ಕೂ ಮೊದಲು, 2000ದ ಸುಮಾರಿಗೆ ಚಹಾ ಬೆಲೆ ಕುಸಿದು ಪೀರುಮೇಡಿನಲ್ಲಿ ಹಲವು ತೋಟಗಳು ಮುಚ್ಚಿದವು. 2003ರಲ್ಲಿ ಕೇಂದ್ರ ಸರಕಾರವು ಬೆಲೆ ಸ್ಥಿರೀಕರಣ ನಿಧಿಯನ್ನು ತೆರೆಯಿತು. ಬೆಲೆ ಬಿದ್ದಾಗ ಅದರ ನೆರವು 4 ಹೆಕ್ಟೇರಿನೊಳಗಿನ ಬೆಳೆಗಾರರಿಗೆ ಮೀಸಲಾಗಿತ್ತು. ಸಣ್ಣ ಬೆಳೆಗಾರನಿಗೆ ಕೊಟ್ಟದ್ದು ನ್ಯಾಯವೇ. ಆದರೆ ಸೆಂಟು ನೆಲವೂ ಇಲ್ಲದ ನಮ್ಮ ಗತಿ? 2015ರಲ್ಲಿ ಮುನ್ನಾರಿನ ಹೆಂಗಸರ ದಿನಗೂಲಿ 232 ರೂಪಾಯಿ. ಬೋನಸ್ಸನ್ನು ಶೇ. 20ರಿಂದ 10ಕ್ಕೆ ಇಳಿಸಿದಾಗ ಅವರು ಒಂಬತ್ತು ದಿನ ಬೀದಿಯಲ್ಲಿ ಕುಳಿತು ಶೇ. 20ನ್ನೇ ಪಡೆದರು. ಯೂನಿಯನ್ ನಾಯಕರನ್ನು ಅವರು ಹತ್ತಿರ ಸೇರಿಸಲಿಲ್ಲ. ಯೂನಿಯನ್ನಿನವರಾದ ನಮಗೂ ಅದು ಪಾಠ.

ಈಗ ಹವಾಮಾನವೂ ಕೆಟ್ಟಿದೆ. 2024ರಲ್ಲಿ ವಿಯೆಟ್ನಾಮಿನ ಬರದಿಂದಾಗಿ ರೊಬಸ್ಟಾ ಕಾಫಿಯ ಬೆಲೆ ದಾಖಲೆ ಮುಟ್ಟಿತು. ಅದೇ ವರ್ಷ ಜುಲೈ 30ರ ಮಳೆಗೆ ವಯನಾಡಿನ ಮುಂಡಕೈ, ಚೂರಲ್ಮಲೆಗಳಲ್ಲಿ ಗುಡ್ಡ ಕುಸಿದು ನೂರಾರು ಜನರು ಸತ್ತರು. ತೋಟದ ಪಾಡಿಗಳೂ ಕೊಚ್ಚಿಹೋದವು. ಮಳೆ ಹೆಚ್ಚಿದರೂ ಕೆಲಸ ನಿಲ್ಲುತ್ತದೆ, ತಪ್ಪಿದರೂ ನಿಲ್ಲುತ್ತದೆ. ಕೆಲಸ ನಿಂತ ವಾರ ಅಂಗಡಿಯ ಸಾಲ ಏರುತ್ತದೆ. ಬೇಳೆ, ಮೀನು, ಮಕ್ಕಳ ಹಾಲು ಒಂದೊಂದಾಗಿ ತಪ್ಪುತ್ತವೆ.

ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಕಣಜಕ್ಕೆ ತುಂಬಿಸಿದನು. ಬರ ಬಂದಾಗ ಕಣಜ ತೆರೆದನು. ಆದರೆ ಮುಂದಿನ ಕಥೆಯನ್ನೂ ನಾವು ಓದಬೇಕು. ಅದೇ ಧಾನ್ಯಕ್ಕಾಗಿ ಜನರು ದನಕರುಗಳನ್ನೂ ಹೊಲಗಳನ್ನೂ ಫರೋಹನಿಗೆ ಒಪ್ಪಿಸಬೇಕಾಯಿತು. ಒಪ್ಪಿಸಲು ನಮಗೆ ಹೊಲವೂ ಇಲ್ಲ. ಆದ್ದರಿಂದ ನಮಗೆ ಬೇಕಾದದ್ದು ದಾನವಲ್ಲ, ಕಣಜದಲ್ಲಿ ಹಕ್ಕು.

ನಾವು ಕೇಳುವುದು ಮೂರು. ಒಳ್ಳೆಯ ಬೆಲೆ ಬಂದ ವರ್ಷ ಅದರ ಒಂದು ಪಾಲನ್ನು ಕಾನೂನಿನ ಪ್ರಕಾರ ತೆಗೆದಿಟ್ಟು, ತೋಟ ಮುಚ್ಚಿದಾಗಲೂ ಮಳೆಗೆ ಕೆಲಸ ನಿಂತಾಗಲೂ ಕೂಲಿ ಕೊಡಲಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತೋಟ ಕಾರ್ಮಿಕರನ್ನು ಕರೆದು ಕೇಳಲಿ. ಲೈನಿನ ಪಕ್ಕದ ಪಾಳು ನೆಲದಲ್ಲಿ ಸೊಪ್ಪು, ಅವರೆ, ಗೆಣಸು ಬೆಳೆಯಲು ಬಿಡಲಿ.

ಭಾನುವಾರದ ಪೂಜೆ ಮುಗಿದ ಮೇಲೆ ಮನೆಗೆ ಓಡದೆ ಅರ್ಧ ಗಂಟೆ ಕುಳಿತು ಇದನ್ನು ಮಾತಾಡೋಣ. ಹೆಂಗಸರು ಮೊದಲು ಮಾತಾಡಲಿ. ಕಣಜ ತುಂಬುವ ಕೈ ನಮ್ಮದು. ಅದರ ಬೀಗದ ಕೈಯಲ್ಲೂ ನಮಗೆ ಪಾಲಿರಬೇಕು.